ನಿಮಗಿದು ಗೊತ್ತೇ? ಗಂಜಿ, ಜೋಳಿಗೆ ಮತ್ತು ಸಂಘದ ಪುಸ್ತಕ

ನೆರವು ಎಂದ ಕೂಡಲೇ ನೆರೆ ಬಂದ ಊರಿಗೆ ಹೋಗುವ ಅಕ್ಕಿ ಮೂಟೆ, ಕಂಬಳಿ ಕಣ್ಣ ಮುಂದೆ ಬರುತ್ತವೆ. ಚಿತ್ರದುರ್ಗದ ಸೀಮೆಗೆ ನೆರೆಗಿಂತ ಬರವೇ ಹೆಚ್ಚು ಪರಿಚಯ. ಇಲ್ಲಿಯ ಮಕ್ಕಳಿಗೂ ಮನೆಗಳಿಗೂ ನೆರವು ಬಂದ ದಾರಿಗಳು ಬೇರೆ, ಅದು ಉಳಿದುಕೊಂಡ ರೀತಿಯೂ ಬೇರೆ.

● 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. ಹತ್ತು ವರ್ಷದ ಬಳಿಕ ಮತ್ತೆ ಎಣಿಸಿದಾಗ ಸಿಕ್ಕಿದ್ದು 42 ಲಕ್ಷಕ್ಕೂ ಕಡಿಮೆ. ನಡುವೆ ಬಂದದ್ದು 1876–78ರ ಮಹಾಕ್ಷಾಮ, ಧಾತು–ಈಶ್ವರ ಸಂವತ್ಸರಗಳ ಬರ. ಇಂದಿಗೂ ಪರಿಹಾರ ಶಿಬಿರವನ್ನು ನಾವು ‘ಗಂಜಿ ಕೇಂದ್ರ’ ಎನ್ನುತ್ತೇವೆ. ಹಸಿದವರು ಪಾತ್ರೆ ಹಿಡಿದು ಸಾಲಿನಲ್ಲಿ ನಿಂತ ಕಾಲವನ್ನು ಆ ಮಾತು ಇನ್ನೂ ಹೊತ್ತುಕೊಂಡಿದೆ.

● ಆ ಬರ ಕಳೆದ ಇಪ್ಪತ್ತು ವರ್ಷಕ್ಕೆ, 1898ರಲ್ಲಿ, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಅಣೆಕಟ್ಟೆ ಕಟ್ಟುವ ಕೆಲಸ ಶುರುವಾಯಿತು, 1907ರಲ್ಲಿ ಮುಗಿಯಿತು. ಅದೇ ವಾಣಿವಿಲಾಸ ಸಾಗರ. ಕೆಲಸ ಶುರುವಾದಾಗ ಸಂಸ್ಥಾನವನ್ನು ನಡೆಸುತ್ತಿದ್ದ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರೇ ಅದಕ್ಕೆ ಬಂತು. 30 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ವರ್ಷ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹೊಲಗಳವರೆಗೆ ನೀರು ಚಾಚಿಕೊಂಡಿತು. ಹಿರಿಯೂರು, ಚಿತ್ರದುರ್ಗದ ಮಕ್ಕಳು ಇವತ್ತು ಕುಡಿಯುವುದು ಈ ಕಣಿವೆಯ ನೀರನ್ನೇ. ಗಂಜಿ ಒಂದು ಹೊತ್ತಿಗಾಯಿತು, ಕಟ್ಟೆ ನೂರು ವರ್ಷಕ್ಕಾಯಿತು.

● ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ತಮಗೆ ಇಟ್ಟುಕೊಂಡ ಕಾವ್ಯನಾಮ ‘ತಿರುಕ’. ಅಂದರೆ ಬೇಡಿ ತಿನ್ನುವವನು. ಹುಟ್ಟಿದ್ದು ಕೇರಳದಲ್ಲಿ, ಬೆಳೆದದ್ದು ಬಾರ್ಕೂರಿನಲ್ಲಿ, ನೆಲೆ ನಿಂತದ್ದು ದುರ್ಗದ ಈ ಹಳ್ಳಿಯಲ್ಲಿ. ಅವರು ಯೋಗ ಬಲ್ಲವರು, ಆಯುರ್ವೇದ ಬಲ್ಲವರು, ನಾಟಕ ಬರೆದವರು. 1943ರಲ್ಲಿ ಅವರು ಇಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಅನಾಥ ಸೇವಾಶ್ರಮ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಬೇಡಿ ತಂದದ್ದರಲ್ಲಿ ದಿಕ್ಕಿಲ್ಲದ ಮಕ್ಕಳಿಗೆ ಅನ್ನ, ವಸತಿ, ಶಾಲೆ ಒಂದೊಂದೇ ಎದ್ದು ನಿಂತವು. ಆತ್ಮಕಥೆಗೆ ಅವರಿಟ್ಟ ಹೆಸರೂ ‘ಜೋಳಿಗೆಯ ಪವಾಡ’. ನೂರು ವರ್ಷ ದಾಟಿ ಬಾಳಿ 1996ರ ಆಗಸ್ಟ್ 31ರಂದು ತೀರಿಕೊಂಡರು. ಈ ಜೋಳಿಗೆಗೆ ಬಿದ್ದದ್ದರಲ್ಲಿ ರಾಗಿ, ಜೋಳದ ಹಿಡಿಗಳೇ ಹೆಚ್ಚಿದ್ದಿರಬೇಕು ಎಂದು ನನಗೆ ಅನಿಸುತ್ತದೆ. ಬರದ ಸೀಮೆಯ ಬಡವರೇ ಬಡಮಕ್ಕಳನ್ನು ಸಾಕಿದ ಕಥೆ ಇದು. ಹೊಳಲ್ಕೆರೆ ಕಡೆ ಹೋದರೆ ಮಲ್ಲಾಡಿಹಳ್ಳಿಗೆ ಹೋಗದೆ ಬರಬೇಡಿ.

● ಅರವತ್ತು ದಾಟಿದವರನ್ನು ಕೇಳಿ, ಶಾಲೆಯ ಉಪ್ಪಿಟ್ಟು ಮತ್ತು ಹಾಲಿನ ಪುಡಿಯ ನೆನಪು ತೆಗೆಯುತ್ತಾರೆ. ಅದನ್ನು ಕಳಿಸುತ್ತಿದ್ದ ‘ಕೇರ್’ ಸಂಸ್ಥೆ 1945ರಲ್ಲಿ ಹುಟ್ಟಿದ್ದು ಭಾರತಕ್ಕಾಗಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ನುಚ್ಚುನೂರಾದ ಯೂರೋಪಿನ ಮನೆಗಳಿಗೆ ಅಮೆರಿಕದವರು ಆಹಾರದ ಪೊಟ್ಟಣ ಕಳಿಸಲು ಕಟ್ಟಿಕೊಂಡ ಸಂಸ್ಥೆ ಅದು.

● ಆ ಉಪ್ಪಿಟ್ಟು ದಯೆಯಿಂದ ಬಂದದ್ದು. ಇವತ್ತಿನ ಬಿಸಿಯೂಟ ಹಕ್ಕಿನಿಂದ ಬಂದದ್ದು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ ಬಿಸಿಯೂಟದ ಯೋಜನೆ ‘ಅಕ್ಷರ ದಾಸೋಹ’ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಚಿತ್ರದುರ್ಗವೂ ಸೇರಿ ಉಳಿದ ಕಡೆಗೆ ಹಬ್ಬಿತು. 2004ರ ಇನ್ನೊಂದು ಆದೇಶ ನಮ್ಮ ತಾಲ್ಲೂಕುಗಳಿಗೆ ಇನ್ನೂ ಮುಖ್ಯ: ಬರಪೀಡಿತ ಪ್ರದೇಶದಲ್ಲಿ ಬೇಸಿಗೆ ರಜೆಯಲ್ಲೂ ಊಟ ನಿಲ್ಲಬಾರದು. ರಜೆ ಬಂದರೆ ಹಸಿವಿಗೆ ರಜೆ ಇರುವುದಿಲ್ಲವಲ್ಲ.

● ಹಸುವಿಗೆ ಮೇವು ಹಾಕಿದರೂ ಅದು ಮಗುವಿಗೆ ಮಾಡಿದ ಸಹಾಯವೇ. ಬರದ ವರ್ಷಗಳಲ್ಲಿ ಹಿರಿಯೂರು, ಹೊಸದುರ್ಗದ ಕಡೆ ಸರ್ಕಾರ ತೆರೆಯುವ ಗೋಶಾಲೆಗಳಿಂದ ಮೊದಲು ಉಳಿಯುವುದು ರಾಸು, ಅದರೊಂದಿಗೆ ಮನೆಯ ಹಾಲು, ಮುಂದಿನ ಮುಂಗಾರಿನ ಬೇಸಾಯ. ಎತ್ತು ಮಾರಿದ ಮನೆಯವರು ಗುಳೆ ಹೊರಟರೆಂದರೆ ಮಗುವಿನ ಶಾಲೆಯೂ ಅಲ್ಲಿಗೆ ಬಿಟ್ಟಂತೆಯೇ.

● ಟಿಬೆಟಿನ ನಿರಾಶ್ರಿತರಿಗೂ ಹೊಳಲ್ಕೆರೆಯ ಹೆಣ್ಣುಮಕ್ಕಳ ಸಂಘಕ್ಕೂ ನಂಟಿದೆ ಎಂದರೆ ನಂಬುತ್ತೀರಾ? 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟನ್ನರ ನೆಲೆ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ದುರ್ಗದಲ್ಲಿ ವಕೀಲಿ ಮಾಡಿದ್ದ ಎಸ್. ನಿಜಲಿಂಗಪ್ಪ. ಚಿತ್ರದುರ್ಗದ ಹೊರಗೆ ಸೀಬಾರದಲ್ಲಿರುವ ಅವರ ಸ್ಮಾರಕವನ್ನು 2011ರಲ್ಲಿ ಉದ್ಘಾಟಿಸಲು ಬಂದವರು ದಲೈ ಲಾಮಾ. ಆ ನಿರಾಶ್ರಿತರಿಗೆ ಬದುಕು ಕಟ್ಟಿಕೊಡಲೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿದ ಮೇಲೆ ಅದು ನಮ್ಮದೇ ಒಣಭೂಮಿಯ ಹಳ್ಳಿಗಳ ಕಡೆ ತಿರುಗಿತು, ಹೊಳಲ್ಕೆರೆಗೂ ಬಂತು.

● ಕಥೆ ಅಲ್ಲಿಗೆ ಮುಗಿಯಲಿಲ್ಲ. 1984–85ರ ಹೊತ್ತಿಗೆ ಮೈರಾಡ ಕೆಲಸ ಮಾಡುತ್ತಿದ್ದ ಕಡೆಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಜನ ಸುಮ್ಮನೆ ಕೂರಲಿಲ್ಲ. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದವರು ಸಣ್ಣ ಸಣ್ಣ ಗುಂಪು ಮಾಡಿಕೊಂಡು ತಮ್ಮ ದುಡ್ಡನ್ನು ತಾವೇ ಕೂಡಿಟ್ಟು, ತಾವೇ ಸಾಲ ಕೊಟ್ಟುಕೊಳ್ಳತೊಡಗಿದರು. ಈ ಗುಂಪುಗಳನ್ನು ಬೆಳೆಸಲು ಕೃಷಿ, ಗ್ರಾಮೀಣಾಭಿವೃದ್ಧಿಯ ಬ್ಯಾಂಕ್ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಇಂದು ದೇಶದ ಹಳ್ಳಿ ಹಳ್ಳಿಯಲ್ಲಿರುವ ಸ್ವಸಹಾಯ ಸಂಘಗಳ ಬೇರು ಇಲ್ಲಿದೆ. ವಾರದ ಉಳಿತಾಯ ಬರೆದಿಡುವ ಆ ಪುಸ್ತಕ ಮಗುವಿನ ಜ್ವರಕ್ಕೂ ಆಯಿತು, ಕಾಲೇಜಿನ ಫೀಸಿಗೂ ಆಯಿತು. ಒಂದು ಮಾತು ಮಾತ್ರ ಹೇಳಲೇಬೇಕು. ಮನೆ ಬಾಗಿಲಿಗೆ ಬಂದು ಸಾಲ ಕೊಡುವ ಕಂಪನಿಯ ಗುಂಪನ್ನೂ ಜನ ‘ಸಂಘ’ ಎಂದೇ ಕರೆಯುತ್ತಾರೆ. ಎರಡೂ ಒಂದಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಕಾನೂನನ್ನೇ ತರಬೇಕಾಯಿತು.

● ದೂರದ ಯಾರೋ ತಿಂಗಳು ತಿಂಗಳು ಕಳಿಸುವ ಹಣದಿಂದ ಮಗುವಿನ ಬದುಕು ನಿಜಕ್ಕೂ ಬದಲಾಗುತ್ತದೆಯೇ? ಮೂವರು ಅರ್ಥಶಾಸ್ತ್ರಜ್ಞರು ಭಾರತವೂ ಸೇರಿ ಆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಬದುಕನ್ನು ನೋಡಿ 2013ರಲ್ಲಿ ಉತ್ತರ ಕೊಟ್ಟರು. ಚಿಕ್ಕಂದಿನಲ್ಲಿ ಹೀಗೆ ಪ್ರಾಯೋಜನೆ ಸಿಕ್ಕವರು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು.

● ಹಸಿವಿನಿಂದ ಸಾಯುವ ಹಂತ ತಲುಪಿದ ಮಕ್ಕಳಿಗೆ ಆಫ್ರಿಕಾದ ಶಿಬಿರಗಳಲ್ಲಿ ಕೊಡುವ ಪೊಟ್ಟಣದೊಳಗೆ ಇರುವುದು ಶೇಂಗಾ! ಶೇಂಗಾ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್. ಚಳ್ಳಕೆರೆ, ಹಿರಿಯೂರಿನ ಹೊಲದಲ್ಲಿ ಬೆಳೆಯುವ ಅದೇ ಬೆಳೆ. ನಮ್ಮ ಶಾಲೆಗಳಲ್ಲಿ ಮೊಟ್ಟೆ ಒಲ್ಲದ ಮಗುವಿಗೆ 2025ರ ಆರಂಭದವರೆಗೆ ಸಿಗುತ್ತಿದ್ದ ಚಿಕ್ಕಿಯಲ್ಲೂ ಇದೇ ಇತ್ತು.

● ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಳೆಯಲು ಬೇಕಾದದ್ದು ಒಂದು ಬಣ್ಣದ ಪಟ್ಟಿ, ಅರ್ಧ ನಿಮಿಷ. ಪಟ್ಟಿ ಕೆಂಪು ತೋರಿಸಿದರೆ ‘ಮಗು ಸ್ವಲ್ಪ ಸಣ್ಣ, ಅಷ್ಟೇ’ ಎಂದು ಸುಮ್ಮನಾಗಬೇಡಿ. ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ಕರೆದೊಯ್ಯಿರಿ.

● ಅಂಗನವಾಡಿಗಳು ದೇಶದಲ್ಲಿ ಶುರುವಾದದ್ದು 1975ರ ಗಾಂಧಿ ಜಯಂತಿಯಂದು, ಬರೀ 33 ಕಡೆ. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ತಿರುಮಕೂಡಲು ನರಸೀಪುರಕ್ಕೆ.

● ಕೊನೆಯದು, ಎಲ್ಲಕ್ಕಿಂತ ಹೆಚ್ಚು ಜನಕ್ಕೆ ತಿಳಿಯಬೇಕಾದದ್ದು. ಗಂಡನನ್ನು ಕಳೆದುಕೊಂಡ ತಾಯಿ, ಅಪ್ಪ–ಅಮ್ಮ ಇಲ್ಲದ ಮೊಮ್ಮಗುವನ್ನು ಸಾಕುವ ಅಜ್ಜಿ, ದೊಡ್ಡ ಕಾಯಿಲೆ ಬಿದ್ದ ತಂದೆ, ಇಂಥ ಮನೆಯ ಮಗುವನ್ನು ಅನಾಥಾಲಯಕ್ಕೆ ಕಳಿಸುವ ಅಗತ್ಯವೇ ಇಲ್ಲ. ಮಗು ಮನೆಯಲ್ಲೇ ಇದ್ದು ಶಾಲೆಗೆ ಹೋಗಲಿ ಎಂದು ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಿ ಮನೆಯ ವಾರ್ಷಿಕ ಆದಾಯ 72,000 ರೂಪಾಯಿ, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇರಬಹುದು. ಅವರಿಗೆ ಈ ವಿಷಯ ಇವತ್ತೇ ತಿಳಿಸಿ, ಅರ್ಜಿ ಬರೆಯಲು ಬಾರದಿದ್ದರೆ ನೀವೇ ಬರೆದುಕೊಡಿ. ಮಗು ಆಪತ್ತಿನಲ್ಲಿದ್ದರೆ 1098ಕ್ಕೆ ಕರೆ ಮಾಡಿ. ಹಗಲಿರುಳೂ ಎತ್ತುತ್ತಾರೆ, ಕರೆಗೆ ಕಾಸು ಬೀಳುವುದಿಲ್ಲ.