ಊರಿಂದ ಬಂದವರ ಹೊಟ್ಟೆ ಕೆಟ್ಟರೆ

ಶಿರಡಿ, ತ್ರ್ಯಂಬಕೇಶ್ವರ, ಎಲ್ಲೋರ ಎಂದು ಊರಿಂದ ಬರುವ ನೆಂಟರು ನಾಸಿಕದ ನಮ್ಮ ಮನೆ ತಲುಪುವಷ್ಟರಲ್ಲಿ ಒಬ್ಬರದಾದರೂ ಹೊಟ್ಟೆ ಕೆಟ್ಟಿರುತ್ತದೆ. ಬೈಗುಳವೆಲ್ಲ ಇಲ್ಲಿನ ಖಾರದ ಮಿಸಳ್‌ಗೆ. ಪಾಪ, ಕುದಿಯುವ ಅದರ ರಸಕ್ಕಿಂತ ಮೇಲೆ ಉದುರಿಸುವ ಹಸಿ ಈರುಳ್ಳಿ, ರಸವಂತಿ ಅಂಗಡಿಯ ಕಬ್ಬಿನ ಹಾಲಿಗೆ ಬೀಳುವ ಐಸ್ ಮೇಲೆಯೇ ನನಗೆ ಗುಮಾನಿ. ಛತ್ರಪತಿ ಸಂಭಾಜಿನಗರದಲ್ಲಿ ಇನ್ನೂ ಎಚ್ಚರ ಬೇಕು. ಜಾಯಕವಾಡಿ ಜಲಾಶಯದ ನೀರು ಅಲ್ಲಿನ ಅನೇಕ ಬಡಾವಣೆಗಳಿಗೆ ವರ್ಷಗಳ ಕಾಲ ಹಲವು ದಿನಕ್ಕೊಮ್ಮೆ ಬಂದದ್ದರಿಂದ ಡ್ರಮ್ಮು, ಟ್ಯಾಂಕುಗಳಲ್ಲಿ ತುಂಬಿಡುವುದು ರೂಢಿ. ಕುಡಿಯಲು ಕುದಿಸಿದ ನೀರು, ಇಲ್ಲವೇ ಸೀಲ್ ಇರುವ ಬಾಟಲಿಯೇ ಸರಿ.

ಭೇದಿ ಶುರುವಾದರೆ ಮಾತ್ರೆ ನುಂಗಿ ನಿಲ್ಲಿಸುವ ಹಟ ಬೇಡ. ಅಪಾಯವಿರುವುದು ಮೈಯ ನೀರು, ಉಪ್ಪು ಬರಿದಾಗುವುದರಲ್ಲಿ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಾಬಿಸ್ ಕಾಲರಾ ರೋಗಿಗಳಿಗೆ ಗ್ಲೂಕೋಸ್-ಉಪ್ಪಿನ ನೀರು ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಗೋಪುರವಾಗದಿರಲಿ. ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮೂತ್ರ ನಿಂತರೆ, ಮಗು ಮಂಕಾದರೆ ನೇರ ಆಸ್ಪತ್ರೆಗೆ. ಇಲ್ಲಿನ ಮೆಡಿಕಲ್‌ನಲ್ಲಿ ‘ಜುಲಾಬ್’ ಎಂದರೆ ಸಾಕು, ಅರ್ಥವಾಗುತ್ತದೆ. ನಮ್ಮ ಉತ್ತರ ಕರ್ನಾಟಕದವರಿಗೆ ಆ ಪದವೇನೂ ಹೊಸದಲ್ಲ.