ಥೈರಾಯಿಡ್ ಮಾತ್ರೆ ನುಂಗಿಯೂ ತೀರದ ಆಯಾಸ

ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಇರುವ ಥೈರಾಯಿಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಅದು ಸ್ರವಿಸುವ ಹಾರ್ಮೋನು ಕಡಿಮೆಯಾದರೆ ಆಯಾಸ, ಚಳಿ ತಡೆಯಲಾರದ ಸ್ಥಿತಿ, ಮಲಬದ್ಧತೆ, ಒಣಚರ್ಮ, ಕೂದಲು ಉದುರುವಿಕೆ, ಮರೆವು, ಮುಟ್ಟಿನ ಏರುಪೇರು ಮುಂತಾದುವು ಕಾಣಿಸಿಕೊಳ್ಳುತ್ತವೆ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ 5376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಸುಮಾರು ಶೇಕಡ 11 ಮಂದಿಗೆ ಥೈರಾಯಿಡ್ ಕೊರತೆ ಇರುವುದು ಕಂಡುಬಂದಿತು. ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಹತ್ತು ಮಂದಿ ಕುಳಿತಿದ್ದರೆ ಅವರಲ್ಲಿ ಒಬ್ಬರು ಬೆಳಗ್ಗೆ ಥೈರಾಕ್ಸಿನ್ ಮಾತ್ರೆ ನುಂಗಿ ಬಂದವರಾಗಿದ್ದರೆ ಆಶ್ಚರ್ಯವಿಲ್ಲ.

ಮಾತ್ರೆ ಪ್ರಾರಂಭಿಸಿದ ಬಹುಪಾಲು ಜನ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಶೇಕಡ 5ರಿಂದ 10ರಷ್ಟು ಮಂದಿಗೆ ರಕ್ತಪರೀಕ್ಷೆಯ ವರದಿ ಸರಿಯಾದ ಮೇಲೂ ಆಯಾಸ, ಮಂಕು ಕವಿದಂತಹ ಮನಸ್ಸು, ಇಳಿಯದ ತೂಕ ಉಳಿದೇಬಿಡುತ್ತವೆ. 'ವರದಿ ಸರಿಯಿದೆ, ನಿಮಗೇನೂ ಇಲ್ಲ' ಎಂಬ ಉತ್ತರ ಅವರಿಗೆ ಸಿಗುತ್ತದೆ. ಕೆಲವರು ಬೇಸತ್ತು ತಾವೇ ಅರ್ಧ ಮಾತ್ರೆ ಹೆಚ್ಚಿಸಿಕೊಳ್ಳುತ್ತಾರೆ, ಕೆಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಎರಡೂ ಅಪಾಯಕರ. ಹಾಗಾದರೆ ವರದಿ ಹೇಳುವುದು ಏನನ್ನು? ಹೇಳದೆ ಬಿಡುವುದು ಏನನ್ನು?

ಕುರಿಯ ಗ್ರಂಥಿಯಿಂದ ಮಾತ್ರೆಯವರೆಗೆ

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವೈದ್ಯ ಜಾರ್ಜ್ ಮರ್ರೆ, ಥೈರಾಯಿಡ್ ಕೊರತೆಯಿಂದ ಊದಿಕೊಂಡು ಮಂಕಾಗಿದ್ದ 46 ವರ್ಷದ ಮಹಿಳೆಯೊಬ್ಬಳಿಗೆ ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. ಆ ಅವಧಿಯಲ್ಲಿ ಆಕೆಗಾಗಿ ಬಳಕೆಯಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ! 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಲ್ ಥೈರಾಕ್ಸಿನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1920ರ ದಶಕದ ಉತ್ತರಾರ್ಧದಲ್ಲಿ ಬ್ರಿಟನ್ನಿನ ಚಾರ್ಲ್ಸ್ ಹ್ಯಾರಿಂಗ್‌ಟನ್ ಅದರ ರಚನೆಯನ್ನು ನಿರ್ಧರಿಸಿ, ಜಾರ್ಜ್ ಬಾರ್ಜರ್ ಜೊತೆ ಸೇರಿ ಅದನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದರು. ಇಂದು ನಾವು ನುಂಗುವ ಲೀವೊಥೈರಾಕ್ಸಿನ್ ಅದೇ ಅಣು.

ಈ ಅಣುವಿನಲ್ಲಿ ಅಯೋಡೀನಿನ ನಾಲ್ಕು ಪರಮಾಣುಗಳಿವೆ. ಆದ್ದರಿಂದ ಅದಕ್ಕೆ ಟಿ-4 ಎಂಬ ಸಂಕ್ಷೇಪ. 1952ರಲ್ಲಿ ಜ್ಯಾಕ್ ಗ್ರಾಸ್ ಮತ್ತು ರೊಸಾಲಿಂಡ್ ಪಿಟ್-ರಿವರ್ಸ್ ಮೂರೇ ಅಯೋಡೀನ್ ಪರಮಾಣುಗಳಿರುವ ಇನ್ನೊಂದು ಹಾರ್ಮೋನನ್ನು, ಅಂದರೆ ಟಿ-3ನ್ನು, ಗುರುತಿಸಿದರು. ಜೀವಕೋಶದ ಒಳಗೆ ನಿಜವಾಗಿ ಕೆಲಸ ಮಾಡುವುದು ಹೆಚ್ಚಾಗಿ ಈ ಟಿ-3. ಟಿ-4 ಒಂದು ಬಗೆಯಲ್ಲಿ ದಾಸ್ತಾನು ಇದ್ದಂತೆ. ಡಿಅಯೋಡಿನೇಸ್ ಎಂಬ ಕಿಣ್ವಗಳು ಅದರಿಂದ ಒಂದು ಅಯೋಡೀನನ್ನು ಕಳಚಿ ಟಿ-3 ಮಾಡುತ್ತವೆ. ಆರೋಗ್ಯವಂತರಲ್ಲಿ ದಿನದ ಟಿ-3ರ ಸುಮಾರು ಶೇಕಡ 80 ಭಾಗ ಹೀಗೆ ಗ್ರಂಥಿಯ ಹೊರಗೆ ತಯಾರಾಗುತ್ತದೆ. ಉಳಿದ ಶೇಕಡ 20ನ್ನು ಗ್ರಂಥಿ ನೇರವಾಗಿ ಸ್ರವಿಸುತ್ತದೆ. ಥೈರಾಯಿಡ್ ಕೆಲಸವೇ ಮಾಡದವರಿಗೆ ಬರಿ ಟಿ-4 ಕೊಟ್ಟರೂ ಅವರ ರಕ್ತದಲ್ಲಿ ಟಿ-3 ಕಾಣಿಸಿಕೊಳ್ಳುತ್ತದೆ ಎಂದು 1970ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ ಮೇಲೆ, ಟಿ-4 ಮಾತ್ರೆ ಒಂದೇ ಸಾಕು ಎಂಬ ಪದ್ಧತಿ ನೆಲೆಗೊಂಡಿತು. ಬಹುಮಂದಿಗೆ ಅದು ಸಾಕೂ ಹೌದು.

ಪಿಟ್ಯುಟರಿಯ ಕೂಗು

ಚಿಕಿತ್ಸೆಯ ಅಳತೆಗೋಲು ಟಿಎಸ್‌ಎಚ್. ಇದು ಥೈರಾಯಿಡಿನ ಹಾರ್ಮೋನಲ್ಲ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ಥೈರಾಯಿಡಿಗೆ ಕಳಿಸುವ ಆಜ್ಞೆ. ರಕ್ತದಲ್ಲಿ ಟಿ-4 ಕಡಿಮೆಯಾದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಅಂದರೆ ಟಿಎಸ್‌ಎಚ್ ಏರುತ್ತದೆ. ಟಿ-4 ಹೆಚ್ಚಾದರೆ ಕೂಗು ತಗ್ಗುತ್ತದೆ. ಟಿ-4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಏರಬಲ್ಲದು. ಆದ್ದರಿಂದಲೇ ಇದು ಅತ್ಯಂತ ಸೂಕ್ಷ್ಮವಾದ ಪರೀಕ್ಷೆ. ಸಾಮಾನ್ಯವಾಗಿ ಲೀಟರಿಗೆ 0.4ರಿಂದ 4 ಮಿಲಿ ಯೂನಿಟ್ ಒಳಗಿದ್ದರೆ ಸರಿ ಎನ್ನುತ್ತಾರೆ.

ಊರಿನ ನೀರಿನ ಟ್ಯಾಂಕನ್ನು ಕಲ್ಪಿಸಿಕೊಳ್ಳಿ. ನೀರುಗಂಟಿ ಟ್ಯಾಂಕಿನ ಮಟ್ಟ ನೋಡಿ ಪಂಪು ನಡೆಸುತ್ತಾನೆ. ಮಟ್ಟ ಸರಿಯಿದ್ದರೆ ಅವನಿಗೆ ಸಮಾಧಾನ. ಕೊನೆಯ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂಬುದು ಅವನಿಗೆ ಕಾಣಿಸದು. ಟಿಎಸ್‌ಎಚ್ ಸರಿಯಿದೆ ಎಂದರೆ ಪಿಟ್ಯುಟರಿಗೆ ಸಮಾಧಾನವಾಗಿದೆ ಎಂದರ್ಥ. ಹಾಗೆಂದು ನೀರು ಬಾರದ ಪ್ರತಿ ಮನೆಯ ದೂರಿಗೂ ಟ್ಯಾಂಕೇ ಕಾರಣ ಎನ್ನುವಂತಿಲ್ಲ. ಮನೆಯ ನಲ್ಲಿಯೇ ಕಟ್ಟಿಕೊಂಡಿರಬಹುದು. ಮೊದಲು ಪರೀಕ್ಷಿಸಬೇಕಾದದ್ದು ಇಂಥ ಸಾದಾ ಸಂಗತಿಗಳನ್ನೇ.

ಕಾಫಿ, ಕ್ಯಾಲ್ಸಿಯಂ, ಕಬ್ಬಿಣ

ನುಂಗಿದ ಥೈರಾಕ್ಸಿನಿನಲ್ಲಿ ಶೇಕಡ 70ರಿಂದ 80 ಮಾತ್ರ ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ, ಅದೂ ಹೊಟ್ಟೆ ಖಾಲಿ ಇದ್ದಾಗ. ನಮ್ಮಲ್ಲಿ ಬೆಳಗ್ಗೆ ಎದ್ದ ಕೂಡಲೇ ಮಾತ್ರೆ, ಅದರ ಬೆನ್ನಿಗೇ ಕಾಫಿ ಎಂಬುದು ರೂಢಿ. ಕಾಫಿಯೊಡನೆ ತೆಗೆದುಕೊಂಡ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ ಎಂದು 2008ರಲ್ಲಿ ಇಟಲಿಯ ವೈದ್ಯರು ತೋರಿಸಿದರು. ಮಾತ್ರೆಯನ್ನು ನೀರಿನೊಡನೆ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಬೆಳಗಿನ ಗಡಿಬಿಡಿಯಲ್ಲಿ ಇದು ಆಗದವರು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ, ಮಲಗುವಾಗ ತೆಗೆದುಕೊಳ್ಳಬಹುದು. 2010ರಲ್ಲಿ ನೆದರ್‌ಲೆಂಡಿನಲ್ಲಿ ನಡೆದ ಪರೀಕ್ಷೆಯಲ್ಲಿ ರಾತ್ರಿಯ ಮಾತ್ರೆ ಬೆಳಗಿನದಕ್ಕಿಂತ ಚೆನ್ನಾಗಿಯೇ ಹೀರಲ್ಪಟ್ಟಿತು.

ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಥೈರಾಕ್ಸಿನನ್ನು ಕರುಳಿನಲ್ಲಿಯೇ ಕಟ್ಟಿಹಾಕುತ್ತವೆ. ಇವೆರಡರ ನಡುವೆ ನಾಲ್ಕು ಗಂಟೆಯ ಅಂತರ ಬೇಕು. ನಡುವಯಸ್ಸಿನ ಮಹಿಳೆಯರಲ್ಲಿ ಎಷ್ಟೋ ಮಂದಿ ಮೂರನ್ನೂ ಒಂದೇ ಗುಟುಕಿನಲ್ಲಿ ನುಂಗುವುದುಂಟು. ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ, ಸೋಯಾ ಆಹಾರ, ಹೆಚ್ಚಿನ ನಾರಿನ ಪುಡಿಗಳು ಕೂಡ ಅಡ್ಡಿ ಮಾಡುತ್ತವೆ. ಮಾತ್ರೆಯ ಪ್ರಮಾಣ ಏರಿಸುತ್ತ ಹೋದರೂ ಟಿಎಸ್‌ಎಚ್ ಇಳಿಯದಿದ್ದರೆ ಕರುಳಿನ ಕಡೆ ನೋಡಬೇಕು. ಗೋಧಿಯ ಗ್ಲೂಟೆನ್‌ನಿಂದ ಬರುವ ಸೀಲಿಯಾಕ್ ರೋಗ, ಜಠರದ ಒಳಪೊರೆ ಸವೆಯುವ ಕಾಯಿಲೆ, ಹೆಲಿಕೊಬ್ಯಾಕ್ಟರ್ ಸೋಂಕು ಇವು ಬಚ್ಚಿಟ್ಟುಕೊಂಡಿರಬಹುದು. ಮಾತ್ರೆಗೆ ಬಿಸಿ, ಬೆಳಕು, ತೇವ ಆಗದು. ಒಲೆಯ ಪಕ್ಕದ ಗೂಡು ಸೀಸೆಗೆ ಸರಿಯಾದ ಜಾಗವಲ್ಲ.

ಮಾತ್ರೆ ತಪ್ಪುವುದು ಇನ್ನೊಂದು ಕಾರಣ. ಇಲ್ಲಿ ಒಂದು ಸ್ವಾರಸ್ಯವಿದೆ. ಟಿ-4ರ ಅರ್ಧಾಯು ಸುಮಾರು ಏಳು ದಿನ. ಪ್ರತಿ ವಾರ ಅಂತರದ ಅರ್ಧ ತುಂಬುತ್ತ ಹೋದರೆ 50, 75, 87.5, 94, 97 ಎಂದು ಐದು ವಾರಗಳಲ್ಲಿ ಮಟ್ಟ ಸ್ಥಿರವಾಗುತ್ತದೆ. ಆದ್ದರಿಂದಲೇ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಪರೀಕ್ಷಿಸುತ್ತಾರೆ. ತಿಂಗಳೆಲ್ಲ ಮರೆತು, ಪರೀಕ್ಷೆಯ ಹಿಂದಿನ ನಾಲ್ಕಾರು ದಿನ ಶ್ರದ್ಧೆಯಿಂದ ಮಾತ್ರೆ ನುಂಗಿದವರಲ್ಲಿ ಟಿ-4 ಬೇಗ ಏರಿರುತ್ತದೆ, ನಿಧಾನಗತಿಯ ಟಿಎಸ್‌ಎಚ್ ಮಾತ್ರ ಹೆಚ್ಚಾಗಿಯೇ ಉಳಿದಿರುತ್ತದೆ. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ನೋಡಿದ ವೈದ್ಯರಿಗೆ ಗುಟ್ಟು ತಿಳಿದುಬಿಡುತ್ತದೆ!

ವರದಿಯೇ ದಾರಿ ತಪ್ಪಿಸಿದಾಗ

ಥೈರಾಯಿಡ್ ಕೊರತೆಯಿಂದ ಕೂದಲು ಉದುರುತ್ತದೆ. ಕೂದಲಿಗೆಂದು ಜನ ಬಯೋಟಿನ್ ಮಾತ್ರೆ ಕೊಳ್ಳುತ್ತಾರೆ. ಹಲವು ಪ್ರಯೋಗಾಲಯಗಳ ಪರೀಕ್ಷಾವಿಧಾನದಲ್ಲಿ ಬಯೋಟಿನ್ನೇ ಒಂದು ಕೊಂಡಿ. ರಕ್ತದಲ್ಲಿ ಅದು ಮಿತಿಮೀರಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ-4 ಸುಳ್ಳಾಗಿ ಹೆಚ್ಚು ಎಂದು ಬರುತ್ತದೆ. ಅದನ್ನು ನಂಬಿ ಮಾತ್ರೆ ತಗ್ಗಿಸಿದರೆ ನಿಜವಾದ ಕೊರತೆ ಮರಳುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು.

ಪಿಟ್ಯುಟರಿಯೇ ಕೆಟ್ಟಿದ್ದರೆ ಟಿಎಸ್‌ಎಚ್‌ಗೆ ಅರ್ಥವೇ ಇರುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಹಾನಿಗೊಳ್ಳುವ ಶೀಹನ್ ಸಿಂಡ್ರೋಮ್ ಇದಕ್ಕೆ ಉದಾಹರಣೆ. ಹೆರಿಗೆಯ ನಂತರ ಎದೆಹಾಲು ಬರಲಿಲ್ಲ, ಮುಟ್ಟು ಮರಳಲಿಲ್ಲ ಎಂಬ ಮಾತು ಇಲ್ಲಿ ಮುಖ್ಯ ಸುಳಿವು. ಇಂಥವರಲ್ಲಿ ಮುಕ್ತ ಟಿ-4 ನೋಡಿ ಪ್ರಮಾಣ ನಿರ್ಧರಿಸುತ್ತಾರೆ.

ಆಯಾಸದ ಬೇರೆ ಬೇರುಗಳು

ಆಯಾಸ ಯಾವುದೇ ಒಂದು ರೋಗದ ಸ್ವತ್ತಲ್ಲ. ರಕ್ತಹೀನತೆ, ಬಿ-12 ಕೊರತೆ, ಮಧುಮೇಹ, ಖಿನ್ನತೆ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ, ಮುಟ್ಟು ನಿಲ್ಲುವ ಕಾಲದ ಬದಲಾವಣೆ ಎಲ್ಲವೂ ಇದೇ ರೂಪ ತಾಳುತ್ತವೆ. ದೇಹದ ರಕ್ಷಣಾವ್ಯವಸ್ಥೆ ತನ್ನದೇ ಥೈರಾಯಿಡ್ ಮೇಲೆ ದಾಳಿ ಮಾಡುವ ಹಾಶಿಮೊಟೊ ರೋಗದಲ್ಲಿ ಅಂಥದೇ ದಾಳಿ ಜಠರದ ಮೇಲೂ ನಡೆದು ಬಿ-12 ಹೀರುವಿಕೆ ನಿಲ್ಲಬಹುದು. ಅಡ್ರಿನಲ್ ಗ್ರಂಥಿಯ ಮೇಲೆ ನಡೆದರೆ ಅದು ಆಡಿಸನ್ ರೋಗ. ಇದು ವಿರಳ, ಆದರೆ ಗಂಭೀರ. ಆಡಿಸನ್ ರೋಗವನ್ನು ಗುರುತಿಸದೆ ಥೈರಾಕ್ಸಿನ್ ಕೊಟ್ಟರೆ ಜೀವಕ್ಕೇ ಅಪಾಯ. ಮಾತ್ರೆ ಶುರುವಾದ ಮೇಲೆ ನಿಶ್ಶಕ್ತಿ ಹೆಚ್ಚಿ, ತೂಕ ಇಳಿದು, ರಕ್ತದೊತ್ತಡ ಕುಸಿದು, ಚರ್ಮ ಕಪ್ಪಾಗುತ್ತಿದ್ದರೆ ತಡಮಾಡಬಾರದು.

ಇನ್ನೂ ಒಂದು ಸಾಧ್ಯತೆಯನ್ನು ಒಪ್ಪುವುದು ರೋಗಿಗೂ ವೈದ್ಯರಿಗೂ ಕಷ್ಟ. ಆ ಆಯಾಸಕ್ಕೆ ಥೈರಾಯಿಡ್ ಎಂದೂ ಕಾರಣವಾಗಿರಲಿಲ್ಲ ಎಂಬುದು. ಮೇಲೆ ಹೇಳಿದ ಎಂಟು ನಗರಗಳ ಸಮೀಕ್ಷೆಯಲ್ಲಿ ಹಲವರದು ಟಿಎಸ್‌ಎಚ್ ತುಸು ಏರಿ, ಟಿ-4 ಸರಿಯಾಗಿಯೇ ಇದ್ದ ಸೌಮ್ಯ ಸ್ಥಿತಿ. 65 ವರ್ಷ ದಾಟಿದ, ಇಂಥದೇ ಸ್ಥಿತಿಯಲ್ಲಿದ್ದ 737 ಯೂರೋಪಿಯನ್ನರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಥೈರಾಕ್ಸಿನ್ ಹುಸಿಮಾತ್ರೆಗಿಂತ ಹೆಚ್ಚಿನ ನೆಮ್ಮದಿ ಕೊಡಲಿಲ್ಲ. ತೂಕದ ವಿಷಯವೂ ಅಷ್ಟೆ. ಥೈರಾಯಿಡ್ ಕೊರತೆಯಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕಿಲೋಗ್ರಾಂ, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಉಳಿದದ್ದನ್ನು ಮಾತ್ರೆ ಕರಗಿಸದು.

ಹಾಗಾಗದೆಂದು ಮಾತ್ರೆ ಹೆಚ್ಚಿಸಿಕೊಂಡರೆ? ಮೊದಮೊದಲು ಚುರುಕಾದಂತೆ ಅನ್ನಿಸುತ್ತದೆ. ಆದರೆ ಟಿಎಸ್‌ಎಚ್ ತಳಮುಟ್ಟಿದ ಸ್ಥಿತಿ ಬಹುಕಾಲ ಮುಂದುವರಿದರೆ ಹೃತ್ಕರ್ಣಗಳು ಲಯ ತಪ್ಪಿ ಕಂಪಿಸತೊಡಗಿ ಪಾರ್ಶ್ವವಾಯುವಿಗೆ ದಾರಿಯಾಗಬಹುದು, ಮೂಳೆ ಟೊಳ್ಳಾಗಬಹುದು. ಮೂಳೆ ಮುರಿಯುವವರೆಗೂ ಅದರ ಸವೆತ ಗೊತ್ತಾಗುವುದಿಲ್ಲ.

ಟಿ-3ರ ಪ್ರಶ್ನೆ

ಇವೆಲ್ಲವನ್ನೂ ಸೋಸಿದ ಮೇಲೂ ಕೆಲವರು ಉಳಿಯುತ್ತಾರೆ. ಅವರ ದೂರನ್ನು ತಳ್ಳಿಹಾಕುವಂತಿಲ್ಲ ಎನ್ನಲು ಆಧಾರಗಳಿವೆ. ಥೈರಾಯಿಡ್ ತೆಗೆದ ಇಲಿಗಳಿಗೆ ಬರಿ ಟಿ-4 ಹರಿಸಿದಾಗ ಯಾವ ಪ್ರಮಾಣದಲ್ಲಿಯೂ ಎಲ್ಲ ಅಂಗಾಂಶಗಳಲ್ಲಿ ಏಕಕಾಲಕ್ಕೆ ಟಿ-3 ಸಹಜಮಟ್ಟ ಮುಟ್ಟಲಿಲ್ಲ ಎಂದು 1995ರಲ್ಲಿ ಸ್ಪೇನಿನ ಸಂಶೋಧಕರು ವರದಿ ಮಾಡಿದರು. ಇದರ ಒಂದು ಕಾರಣ 2015ರಲ್ಲಿ ಸ್ಪಷ್ಟವಾಯಿತು. ಟಿ-4 ಹೆಚ್ಚಿದ್ದಾಗ ಅನೇಕ ಅಂಗಾಂಶಗಳಲ್ಲಿ ಎರಡನೆಯ ಬಗೆಯ ಡಿಅಯೋಡಿನೇಸ್ ಬೇಗ ನಾಶವಾಗುತ್ತದೆ. ಆದರೆ ಪಿಟ್ಯುಟರಿಯನ್ನು ನಿಯಂತ್ರಿಸುವ ಹೈಪೊಥಲಾಮಸ್‌ನಲ್ಲಿ ಅದು ಅಷ್ಟು ಬೇಗ ನಾಶವಾಗುವುದಿಲ್ಲ. ನೀರುಗಂಟಿಯ ಮನೆ ಟ್ಯಾಂಕಿನ ಬುಡದಲ್ಲಿಯೇ ಇದೆ, ಅವನ ನಲ್ಲಿಯಲ್ಲಿ ಸದಾ ನೀರು!

ಹಾಗಾದರೆ ಟಿ-4 ಜೊತೆ ಸ್ವಲ್ಪ ಟಿ-3 ಕೊಟ್ಟರಾಯಿತಲ್ಲವೆ? 1999ರಲ್ಲಿ ಲಿಥುವೇನಿಯದಲ್ಲಿ 33 ರೋಗಿಗಳ ಮೇಲೆ ಹಾಗೆ ಮಾಡಿದಾಗ ಅವರ ಮನಸ್ಥಿತಿ ಸುಧಾರಿಸಿತೆಂಬ ವರದಿ ಸಂಚಲನ ಉಂಟುಮಾಡಿತು. ಅನಂತರದ ಪರೀಕ್ಷೆಗಳು ಅದನ್ನು ಸಮರ್ಥಿಸಲಿಲ್ಲ. 11 ಪರೀಕ್ಷೆಗಳ 1216 ರೋಗಿಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ 697 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಟಿ-3 ಪಡೆಯದ ಗುಂಪಿನಲ್ಲೂ ಗಣನೀಯ ಚೇತರಿಕೆ ಕಂಡಿತು. ಹೊಸ ಚಿಕಿತ್ಸೆ ಎಂಬ ಭರವಸೆಯೇ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಆದರೆ ಅದೇ ರೋಗಿಗಳಲ್ಲಿ 552 ಮಂದಿಯ ಜೀನ್ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಸುಳಿವು ಕೊಟ್ಟಿತು. ಎರಡನೆಯ ಬಗೆಯ ಡಿಅಯೋಡಿನೇಸ್‌ನ ಜೀನಿನಲ್ಲಿ ಒಂದು ವ್ಯತ್ಯಾಸವನ್ನು ತಂದೆತಾಯಿ ಇಬ್ಬರಿಂದಲೂ ಪಡೆದಿದ್ದ ಸುಮಾರು ಶೇಕಡ 16 ಮಂದಿ ಟಿ-4 ಮಾತ್ರೆಯಲ್ಲಿ ಹೆಚ್ಚು ಬಳಲುತ್ತಿದ್ದರು, ಮತ್ತು ಜೋಡಿ ಚಿಕಿತ್ಸೆಯಿಂದ ಹೆಚ್ಚು ಸುಧಾರಿಸಿದರು. ಸರಾಸರಿಯಲ್ಲಿ ಕರಗಿಹೋಗುವ ಲಾಭ ಕೆಲವರಿಗೆ ನಿಜವಾಗಿದ್ದೀತು.

ರಕ್ಷಣಾವ್ಯವಸ್ಥೆಯ ದಾಳಿಯೇ ಆಯಾಸ ತರಬಹುದೆಂಬ ಇನ್ನೊಂದು ವಾದವಿದೆ. ಹಾರ್ಮೋನು ಮಟ್ಟ ಸರಿಯಿದ್ದೂ ಬಳಲುತ್ತಿದ್ದ, ಪ್ರತಿಕಾಯಗಳು ಬಹಳ ಹೆಚ್ಚಿದ್ದ 150 ಹಾಶಿಮೊಟೊ ರೋಗಿಗಳ ಮೇಲೆ ನಾರ್ವೆಯಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗ್ರಂಥಿಯನ್ನೇ ತೆಗೆಸಿಕೊಂಡವರ ಆಯಾಸ ತಗ್ಗಿತು. ಆದರೆ ಯಾರಿಗೆ ಶಸ್ತ್ರಕ್ರಿಯೆಯಾಯಿತೆಂದು ಎಲ್ಲರಿಗೂ ಗೊತ್ತಿತ್ತು, ತೊಡಕುಗಳೂ ಕಡಿಮೆಯಿರಲಿಲ್ಲ. ಇದನ್ನು ಸಾಮಾನ್ಯ ಚಿಕಿತ್ಸೆಯಾಗಿ ಸೂಚಿಸುವ ಕಾಲ ಬಂದಿಲ್ಲ.

ಜೋಡಿ ಚಿಕಿತ್ಸೆಯನ್ನು ಪ್ರಯೋಗವೆಂದೇ ತಿಳಿದು ನೀಡಬೇಕೆಂದು ಯೂರೋಪಿನ ಥೈರಾಯಿಡ್ ತಜ್ಞರ ಸಂಘ 2012ರಲ್ಲಿ ಮಾರ್ಗಸೂಚಿ ಕೊಟ್ಟಿತು. ಟಿ-4 ಮತ್ತು ಟಿ-3ರ ಅನುಪಾತ 13:1ರಿಂದ 20:1ರ ಒಳಗಿರಬೇಕು. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಟಿ-3ರ ಅರ್ಧಾಯು ಒಂದೇ ದಿನ, ನುಂಗಿದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅದರ ಮಟ್ಟ ಚಿಮ್ಮಿ ಇಳಿಯುತ್ತದೆ. ಆದ್ದರಿಂದ ದಿನದ ಪ್ರಮಾಣವನ್ನು ಹಂಚಿ ಕೊಡುತ್ತಾರೆ. ಹೃದಯದ ಲಯದ ತೊಂದರೆ ಇರುವವರಿಗೆ ಇದು ಸಲ್ಲದು. ಗರ್ಭಿಣಿಯರಿಗೂ ಸಲ್ಲದು. ಮೊದಲ ತಿಂಗಳುಗಳಲ್ಲಿ ಭ್ರೂಣದ ಮಿದುಳು ಅವಲಂಬಿಸಿರುವುದು ತಾಯಿಯ ಟಿ-4ನ್ನು. ಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರು ಗರ್ಭ ನಿಂತದ್ದು ತಿಳಿದ ಕೂಡಲೇ ವೈದ್ಯರನ್ನು ಕಂಡರೆ ಅವರು ಟಿ-4 ಪ್ರಮಾಣವನ್ನೇ ಸಾಮಾನ್ಯವಾಗಿ ಶೇಕಡ 25ರಿಂದ 30ರಷ್ಟು ಹೆಚ್ಚಿಸುತ್ತಾರೆ.