ಪ್ರಿಪೋನ್: ಇಲ್ಲದ ಪದವೇ?

‘ಮೀಟಿಂಗ್ ಪ್ರಿಪೋನ್ ಆಗಿದೆ’ ಎಂದು ಯಾರಾದರೂ ಅಂದರೆ ತಿದ್ದಲು ಒಬ್ಬರಾದರೂ ಇರುತ್ತಾರೆ. ಇಂಗ್ಲಿಷಿನಲ್ಲಿ ಹಾಗೊಂದು ಕ್ರಿಯಾಪದವೇ ಇಲ್ಲ, ಪೋಸ್ಟ್‌ಪೋನ್ ನೋಡಿಕೊಂಡು ಭಾರತೀಯರು ಹುಟ್ಟಿಸಿದ್ದು ಎನ್ನುತ್ತಾರೆ. ದಾಖಲೆ ಬೇರೆಯೇ ಹೇಳುತ್ತದೆ. ‘ಮುಂದೆ ಇಡು’ ಎಂಬ ಅರ್ಥದಲ್ಲಿ ಈ ಪದ 16ನೇ ಶತಮಾನದ ಇಂಗ್ಲೆಂಡಿನಲ್ಲೇ ಅಚ್ಚಾಗಿದೆ. ಇಂದಿನ ಅರ್ಥವೂ ಮೊದಲು ಕಾಣುವುದು ಭಾರತದಲ್ಲಲ್ಲ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದ ಓದುಗರೊಬ್ಬರು ಪೋಸ್ಟ್‌ಪೋನ್‌ಗೆ ಜೋಡಿಯಾಗಿ ಇದನ್ನು ಮುಖ್ಯವಾಗಿ ವಕೀಲರಿಗೆಂದು ಸೂಚಿಸಿದ್ದರು. ಅಲ್ಲಿ ಅದು ಬೇರೂರಲಿಲ್ಲ, ನಿತ್ಯದ ಮಾತಾದದ್ದು ನಮ್ಮಲ್ಲಿ. ಕಟ್ಟೋಣದಲ್ಲೂ ದೋಷವಿಲ್ಲ. ಲ್ಯಾಟಿನ್ನಿನ ‘ಪೋನೆರೆ’ ಎಂದರೆ ಇಡು. ಅದರ ಹಿಂದೆ ‘ಪೋಸ್ಟ್’ ಬಂದರೆ ಆಮೇಲೆ, ‘ಪ್ರಿ’ ಬಂದರೆ ಮೊದಲು. ವ್ಯಾಕರಣದ ಮೇಷ್ಟ್ರು ದಿನವೂ ಹೇಳುವ ಪ್ರೆಪೊಸಿಷನ್ ಕೂಡ ಇದೇ ‘ಪ್ರಿ’, ಇದೇ ‘ಪೋನೆರೆ’ ಸೇರಿ ಆದದ್ದು.

‘ಬ್ರಿಂಗ್ ಫಾರ್ವರ್ಡ್ ಇರುವಾಗ ಹೊಸದೇಕೆ?’ ಎಂಬುದು ತೂಕವಿರುವ ಆಕ್ಷೇಪ. ಆದರೆ ಕನ್ನಡಿಗರಿಗೆ ತೊಡಕಿರುವುದೇ ಅಲ್ಲಿ. 15ರ ಪರೀಕ್ಷೆಯನ್ನು 12ಕ್ಕೆ ತಂದರೆ ಇಂಗ್ಲಿಷಿನಲ್ಲಿ ಅದು ಬ್ರಿಂಗ್ ಫಾರ್ವರ್ಡ್. ‘ಪರೀಕ್ಷೆ ಮುಂದಕ್ಕೆ ಹೋಯ್ತು’ ಎಂದು ನಾವು ಅಂದರೆ ಅದು ತಡವಾಗಿ ನಡೆಯುತ್ತದೆ ಎಂದರ್ಥ. ಮುಂದೂಡು ಅನ್ನುವುದೂ ಅದಕ್ಕೇ. ಫಾರ್ವರ್ಡ್ ಅನ್ನು ‘ಮುಂದಕ್ಕೆ’ ಎಂದು ಓದಿಕೊಂಡ ವಿದ್ಯಾರ್ಥಿ ಪರೀಕ್ಷೆ ಮುಗಿದ ಮೇಲೆ ಹಾಲ್‌ಗೆ ಬಂದಾನು. (ಮುಂದೆ, ಮುಂಚೆ ಎರಡಕ್ಕೂ ಬೇರು ಒಂದೇ, ಕಾಲದ ದಿಕ್ಕು ಮಾತ್ರ ಎದುರುಬದುರು!) ಇಂಗ್ಲಿಷ್ ಮನೆಮಾತಿನವರಿಗೂ ಈ ಗೊಂದಲ ತಪ್ಪಿಲ್ಲ. ಬುಧವಾರದ ಸಭೆ ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಆಗಿದೆ, ಈಗ ಯಾವ ದಿನ ಎಂದು ಮನಶ್ಶಾಸ್ತ್ರಜ್ಞರು ಕೇಳಿದಾಗ ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಪ್ರಿಪೋನ್ ಗೊತ್ತಿರುವವರಲ್ಲಿ ಈ ಇಬ್ಬಗೆ ಹುಟ್ಟುವುದಿಲ್ಲ.

ಲಂಡನ್ನಿನವರಿಗೆ ಅರ್ಥವಾಗದಿದ್ದರೆ? ಹಲವರಿಗೆ ಆಗಲಿಕ್ಕಿಲ್ಲ, ನಿಜ. ಆಕ್ಸ್‌ಫರ್ಡ್ ನಿಘಂಟು ಈ ಪದವನ್ನು ಭಾರತೀಯ ಇಂಗ್ಲಿಷ್ ಎಂದು ಗುರುತಿಸಿ ಕೊಡುತ್ತದೆ. ಆ ಗುರುತು ಬಳಕೆಯ ಊರನ್ನು ಹೇಳುತ್ತದೆಯೇ ಹೊರತು ತಪ್ಪನ್ನಲ್ಲ. ಅಮೆರಿಕದವರ ‘ಗಾಟನ್’ ಇಂದಿನ ಬ್ರಿಟಿಷರ ಬಾಯಲ್ಲಿ ಅಪರೂಪ, ಹಾಗೆಂದು ಅದನ್ನು ಇಲ್ಲದ ಪದ ಎನ್ನುತ್ತೇವೆಯೇ? ಹೊರದೇಶಕ್ಕೆ ಪತ್ರ ಬರೆಯುವಾಗ ‘15ರ ಬದಲು 12ಕ್ಕೆ’ ಎಂದು ತಾರೀಖನ್ನೇ ಕೊಡುವುದು ಒಳ್ಳೆಯದು. ಅದು ಓದುವವರ ಅನುಕೂಲದ ಮಾತು. ಪ್ರಿಪೋನ್ ಬರೆದ ಮಗುವಿನ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆಯಲು ಅದು ಕಾರಣವಾಗಬಾರದು.